ಹೋದವರ ಬೆನ್ನಿಗೇ ಪೊರಕೆ

ಕಂಪ್ಯೂಟರಿಗೆ ಹಗಲು ಎಂಬುದೊಂದಿದೆ ಅಂತ ಗೊತ್ತೇ ಇಲ್ಲ. ಇದು ನನ್ನ ತಲೆಗೆ ಹೋಗಲು ಬಹಳ ದಿನ ಹಿಡಿಯಿತು. ನಮ್ಮ ಅತ್ತೆಯ ತಲೆಗೆ ಹೋಗಲೇ ಇಲ್ಲ.

ಬೆಂಗಳೂರಿನ ಕುಕ್ ಟೌನಿನ ನಮ್ಮ ಹಳೇ ಮನೆಯ ಮಹಡಿ ಮೇಲೆ ಒಂದು ರೂಮು ಖಾಲಿ ಬಿದ್ದಿತ್ತು. ಎಲ್ಲರ ಕೈಯಲ್ಲೂ ಬಟನ್ ಫೋನು ಬಂದಿದ್ದ ಕಾಲ. ಸ್ಕೂಲಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ನಾನು, ಊರಿಗೆ ಬಂದುಹೋಗುವವರಿಗೆ ಅದನ್ನು ಬಾಡಿಗೆಗೆ ಕೊಡುತ್ತೇನೆಂದು ಒಂದು ವೆಬ್‌ಸೈಟಿನಲ್ಲಿ ಹಾಕಿಸಿದೆ. ಗಂಡ ನಕ್ಕರು. "ನಿಂಗ್ಯಾಕೆ ಈ ಉಸಾಬರಿ?" ಅಂದರು. ಆ ನಗುವಿಗಾದರೂ ಇದನ್ನು ನಡೆಸಿ ತೋರಿಸಲೇಬೇಕು ಎಂಬ ಹಟ ಬಂತು ನನಗೆ.

ಸೈಟಿನಲ್ಲಿ ಒಂದು ಕ್ಯಾಲೆಂಡರ್ ಇರುತ್ತಿತ್ತು. ಅತಿಥಿ ಹತ್ತನೇ ತಾರೀಖು ಬಂದು ಹನ್ನೆರಡಕ್ಕೆ ಹೊರಡುತ್ತಾರೆ ಎಂದರೆ ನಾನು ಹತ್ತು, ಹನ್ನೊಂದು, ಹನ್ನೆರಡು ಮೂರೂ ಚೌಕಗಳನ್ನು ಮುಚ್ಚಿಬಿಡುತ್ತಿದ್ದೆ. ಹೋಗುವ ದಿನವೂ ಅವರು ಇರುತ್ತಾರಲ್ಲ! ಹೀಗಾಗಿ ಒಬ್ಬರು ಹೋದ ಮೇಲೆ ರೂಮು ಒಂದು ರಾತ್ರಿ ಸುಮ್ಮನೆ ಬಿಕೋ ಎನ್ನುತ್ತಿತ್ತು. ಕೊನೆಗೆ ಸೈಟಿನವರೇ ಫೋನ್ ಮಾಡಿದರು. "ಮೇಡಂ, ನೀವು ಕೊಡ್ತಿರೋದು ನೈಟು, ಡೇಟ್ ಅಲ್ಲ. ಹನ್ನೆರಡಕ್ಕೆ ಚೆಕ್‌ಔಟ್ ಅಂದ್ರೆ ಆ ರಾತ್ರಿ ರೂಮ್ ಖಾಲಿ ತಾನೆ? ಅದನ್ಯಾಕೆ ಬ್ಲಾಕ್ ಮಾಡ್ತೀರಾ?" ಹೌದಲ್ಲಪ್ಪ! ಹಣೆ ಚಚ್ಚಿಕೊಂಡೆ. ಬೆಳಿಗ್ಗೆ ಒಬ್ಬರು ಹೋಗಬಹುದು, ಮಧ್ಯಾಹ್ನ ಇನ್ನೊಬ್ಬರು ಬರಬಹುದು. ನಡುವೆ ಗುಡಿಸಿ, ಒರೆಸಿ, ಹಾಸಿಗೆ ಬಟ್ಟೆ ಬದಲಿಸಿದರೆ ಮುಗಿಯಿತು.

ಮುಗಿಯಿತು ಎಂದುಕೊಂಡು, ಒಬ್ಬ ಅತಿಥಿ ಹೊರಟೊಡನೆ ಪೊರಕೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಕೆಳಗಿನಿಂದ ಅತ್ತೆಯ ಗಂಟಲು ಕೇಳಿಸಿತು.

"ಏನೇ, ಬುದ್ಧಿ ಗಿದ್ಧಿ ಇದ್ಯಾ ನಿಂಗೆ? ಹೋದವರ ಬೆನ್ನಿಗೇ ಪೊರಕೆ ಹಿಡೀತಾರೇನೇ? ಮನೆಯಿಂದ ಏನು ಹೆಣ ಹೋಯ್ತಾ?"

"ಅತ್ತೆ, ಅವರು ನೆಂಟರಲ್ಲ, ಗಿರಾಕಿಗಳು."

"ಗಿರಾಕಿಗೆ ಪ್ರಾಣ ಇರಲ್ವಾ? ಅವರು ಊರು ತಲುಪೋ ತನಕ ಕಸ ಮುಟ್ಟಬೇಡ."

ದೆಹಲಿಗೆ ರೈಲಿನಲ್ಲಿ ಹೋಗುವವರು ಊರು ತಲುಪುವುದು ಯಾವಾಗ, ನಾನು ಗುಡಿಸುವುದು ಯಾವಾಗ? ಬೇಡಿಕೊಂಡೆ, ಕೂಗಾಡಿದೆ, ಊಟ ಬಿಟ್ಟೆ. ಕೊನೆಗೆ ಒಂದು ರಾಜಿಯಾಯಿತು. ಊರು ತಲುಪದಿದ್ದರೂ ಪರವಾಗಿಲ್ಲ, ಬೆಂಗಳೂರಿನ ಗಡಿಯಾದರೂ ದಾಟಬೇಕು. ಕೋಲಾರದ ಕಡೆ ಹೋಗುವವರು ಕೆ.ಆರ್.ಪುರದ ತೂಗುಸೇತುವೆ ದಾಟಿದೊಡನೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಗೇಟಿನ ಹತ್ತಿರ ನಿಂತು ಪ್ರತಿಯೊಬ್ಬರಿಗೂ ಇದನ್ನು ಹೇಳುವಾಗ ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು.

ಕೆಲವರು ಮರೆತರು. ಹೊಸದಾಗಿ ಬಂದವರು ಬಾಗಿಲಲ್ಲಿ ಕಾದು ಕಾದು, ಉಗಿದು, ಬೇರೆ ಕಡೆ ಹೋದರು. ಎರಡು ದೂರು ಬಿದ್ದವು. ಇನ್ನೊಂದು ಬಿದ್ದರೆ ನಿಮ್ಮ ರೂಮನ್ನು ಸೈಟಿನಿಂದ ತೆಗೆದುಹಾಕುತ್ತೇವೆ ಎಂದು ಸೈಟಿನವರು ಖಡಾಖಂಡಿತವಾಗಿ ಹೇಳಿದರು. ಇದನ್ನು ಗಂಡನಿಗೆ ಹೇಳಲಿಲ್ಲ. ಆ ನಗುವನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ.

ಅಂಥ ಹೊತ್ತಿನಲ್ಲೇ ಹೊಲಿಗೆ ಯಂತ್ರ ಮಾರುವ ಕೋಲಾರದ ಒಬ್ಬರು ಬೆಳಿಗ್ಗೆ ರೂಮು ಬಿಟ್ಟು ಹೊರಟರು. ಮಿಸ್ಡ್ ಕಾಲ್ ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಮಧ್ಯಾಹ್ನ ಗೇಟಿನ ಮುಂದೆ ಆಟೋ ನಿಂತಿತು. ರಾಯಚೂರಿನಿಂದ ನರ್ಸ್ ಕೆಲಸದ ಸಂದರ್ಶನಕ್ಕೆ ಬಂದ ಹುಡುಗಿ ಇಳಿದಳು. ರೈಲು ತಡವಾಗಿ, ಮುಖವೆಲ್ಲ ಬಾಡಿಹೋಗಿತ್ತು.

"ಸ್ವಲ್ಪ ಕೂತ್ಕೋಮ್ಮ, ರೂಮ್ ಇನ್ನೂ ಗುಡಿಸಿಲ್ಲ" ಅಂದೆ.

"ಯಾಕ್ರೀ? ನಾನು ಬರ್ತೀನಂತ ಗೊತ್ತಿದ್ದಿಲ್ಲೇನು? ಬುಕ್ ಮಾಡೀವಲ್ರೀ!"

ಅತ್ತೆ ಅವಳನ್ನು ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಚಕ್ಕುಲಿ ಕೊಟ್ಟರು. ಆಮೇಲೆ ಮತ್ತೆ ಕಾಫಿ. ಹುಡುಗಿಯ ಸಹನೆ ಮುಗಿಯಿತು. "ಸಾಕ್ರೀ! ಕಂಪ್ಲೇಂಟ್ ಕೊಡ್ತೀನಿ ನಾನು" ಎಂದು ಎದ್ದು ನಿಂತಳು. ನನಗೆ ಕಣ್ಣಲ್ಲಿ ನೀರೇ ಬಂತು. ಇನ್ನು ತಡೆಯಲಾರೆ ಎಂದು ಪೊರಕೆ ಎತ್ತಿಕೊಂಡು ಮೆಟ್ಟಿಲಿನ ಕಡೆ ಓಡಿದೆ.

"ಇಡೇ ಅದನ್ನ!" ಎಂದು ಅತ್ತೆ ಗುಡುಗಿದರು. ನಂತರ ಹುಡುಗಿಯ ಕಡೆ ತಿರುಗಿ, "ಬೆಳಿಗ್ಗೆ ಹೋದ ಮನುಷ್ಯ ಊರ ಗಡಿ ದಾಟಿದ ಸುದ್ದಿ ಇಲ್ಲಮ್ಮ. ಅದಕ್ಕೇ ಗುಡಿಸಿಲ್ಲ. ಅದಿರ್ಲಿ, ನೀನು ತಲುಪಿದೆ ಅಂತ ಮನೆಗೆ ಹೇಳಿದ್ಯಾ?" ಅಂದರು.

ಹುಡುಗಿ ಪೆಚ್ಚಾದಳು. ಹೇಳಿರಲಿಲ್ಲ. ಚೀಲದಿಂದ ಫೋನ್ ತೆಗೆದು ಒತ್ತಿದಳು. ಆ ಕಡೆಯಿಂದ ಅವಳ ತಾಯಿಯ ದನಿ ನಮಗೂ ಕೇಳಿಸುವಷ್ಟು ಜೋರಾಗಿ ಬಂತು.

"ಮುಟ್ಟಿದೇನವ್ವಾ? ಎಷ್ಟೊತ್ತಿಗೆ ಫೋನ್ ಮಾಡೂದು? ನಿನ್ನಿ ರಾತ್ರಿಯಿಂದ ಮನಿ ಕಸಾ ಹೊಡದಿಲ್ಲ ನೋಡು. ನಿಮ್ಮಪ್ಪ ಕಡ್ಡಿ ಕಸ ತುಳಕೋತ ಅಡ್ಡಾಡಿ ನನಗ ಬೈಲಿಕ್ಕತ್ಯಾರ. ನೀ ಮುಟ್ಟೀದಿ ಅಂತ ಗೊತ್ತಾಗದಂಗ ಹ್ಯಾಂಗ ಹೊಡೀಲಿ?"

ಹುಡುಗಿ, "ಮುಟ್ಟೀನಿ ಯವ್ವಾ, ಈಗ ಹೊಡಿ" ಎಂದಷ್ಟೇ ಹೇಳಿ, ಫೋನ್ ಇಟ್ಟು, ಅಳುತ್ತಾ ನಗುತ್ತಾ ಅತ್ತೆಯ ಪಕ್ಕದಲ್ಲಿ ಕುಸಿದು ಕೂತಳು. ಸದ್ಯ, ಗಾಳಿ ನಮ್ಮ ಕಡೆ ತಿರುಗಿತು ಎಂದು ನಾನು ಮತ್ತೆ ಪೊರಕೆ ಎತ್ತಿದೆ.

"ಅಕ್ಕಾರ, ತಡೀರಿ. ಅವರು ಗಡಿ ದಾಟಲಿ" ಅಂದಳು ಹುಡುಗಿ.

ಇಬ್ಬರೂ ಒಂದಾದ ಮೇಲೆ ನನ್ನದೇನು ನಡೆಯುತ್ತದೆ? ಹುಡುಗಿ ನಮ್ಮ ಬಚ್ಚಲಲ್ಲೇ ಸ್ನಾನ ಮಾಡಿ, ಅನ್ನ ಸಾರು ಉಂಡು, ಅತ್ತೆಯ ಮಂಚದಲ್ಲಿ ಅಡ್ಡಾದಳು. ಸಾಯಂಕಾಲ ಕೋಲಾರದವರ ಮಿಸ್ಡ್ ಕಾಲ್ ಬಂತು. ತಿರುಗಿ ಮಾಡಿದೆ. "ಈಗ ಬ್ರಿಡ್ಜ್ ದಾಟ್ದೆ ಮೇಡಂ. ಶಿವಾಜಿನಗರದಲ್ಲಿ ಮಿಷನ್ ಪಾರ್ಟ್ಸ್ ಹುಡುಕ್ತಾ ಇದ್ದೆ, ಫೋನ್ ಸತ್ತೋಗಿತ್ತು" ಅಂದರು. ದಿನವಿಡೀ ಆ ಮಹಾರಾಯರು ನಮ್ಮ ಮನೆಯಿಂದ ಕೂಗಳತೆಯಲ್ಲಿದ್ದರು!

"ನೋಡಿದ್ಯಾ, ಗುಡಿಸಿದ್ದಿದ್ರೆ?" ಅಂದರು ಅತ್ತೆ. ಗುಡಿಸಿದ್ದರೆ ಏನಾಗುತ್ತಿತ್ತೆಂದು ಕೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಸಿಟ್ಟಿನಲ್ಲೇ ಮಹಡಿಯನ್ನು ಗುಡಿಸಿ ಒರೆಸಿ, ಹೊಸ ಬೆಡ್‌ಶೀಟ್ ಹಾಸಿ, ಕೆಳಗೆ ಬಂದು ಕರೆದೆ. ಹುಡುಗಿ ಮಗ್ಗುಲು ಬದಲಿಸಿ, "ಇಲ್ಲೇ ಇರ್ತೀನ್ರೀ" ಎಂದು ಮತ್ತೆ ಕಣ್ಣು ಮುಚ್ಚಿದಳು. ಮರುದಿನ ಸಂದರ್ಶನಕ್ಕೂ ಅತ್ತೆಯ ಕಾಲಿಗೆ ಬಿದ್ದೇ ಹೋದಳು.

ಆಮೇಲೆ ಒಂದು ದಿನ ಸೈಟಿನಲ್ಲಿ ಅವಳ ಅಭಿಪ್ರಾಯ ಬಂದಿದೆ ಎಂದು ಮೇಲ್ ಬಂತು. ದೇವರನ್ನು ನೆನೆದು ತೆರೆದೆ. ಅದೂ ದೂರೇ ಆಗಿದ್ದರೆ ನನ್ನ ರೂಮಿನ ಕಥೆ ಅಲ್ಲಿಗೆ ಮುಗಿದಂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು. ಐದಕ್ಕೆ ಐದು ಸ್ಟಾರ್ ಒತ್ತಿ, ಕೆಳಗೆ ಇಷ್ಟು: "ರೂಮ್ ಹ್ಯಾಂಗದ ನನಗ ಗೊತ್ತಿಲ್ಲ, ನಾ ನೋಡೇ ಇಲ್ಲ. ಅಜ್ಜಿ ಬಾಜೂಕ ಮಲ್ಕೊಂಡಿದ್ದೆ."