ಹೆಸರು ಹೇಳಿದ ಕ್ಯಾಸೆಟ್ಟು

ಆ ದಿನ ನಾನು ಮಾಡಿದ ಕೆಲಸಗಳನ್ನು ಈಗಲೂ ಕ್ರಮವಾಗಿ ಹೇಳಬಲ್ಲೆ. ಐದೂವರೆಗೆ ಎದ್ದು ಒಲೆ ಹೊತ್ತಿಸಿದ್ದು, ಬಾವಿಯಿಂದ ಆರು ಕೊಡ ನೀರು ಸೇದಿದ್ದು, ಡಾಕ್ಟರರ ಕೋಣೆಯ ಪರದೆ ಒಗೆದು ಹಾಕಿದ್ದು, ಸಿರಿಂಜು ಕುದಿಯಲು ಇಟ್ಟದ್ದು, ಮಧ್ಯಾಹ್ನದವರೆಗೆ ಬಂದ ಫೋನುಗಳನ್ನು ಬರೆದುಕೊಂಡದ್ದು, ಹುರುಳಿ ಹುರಿದಿಟ್ಟದ್ದು, ಜೀಪಿನ ಹರಿದ ಸೀಟಿಗೆ ಸೂಜಿ ಹಾಕಿದ್ದು. ಇಷ್ಟನ್ನು ಮೊದಲೇ ಬರೆಯುವುದಕ್ಕೆ ಕಾರಣ ಉಂಟು. ನನಗೆ ಆ ದಿನ ಜ್ವರ ಇರಲಿಲ್ಲ, ನಿದ್ದೆಗೆಟ್ಟಿರಲಿಲ್ಲ, ತಲೆ ಸರಿಯಾಗಿಯೇ ಇತ್ತು ಎಂಬುದು ಓದುವವರಿಗೆ ಗೊತ್ತಿರಲಿ.

ಇಂಥ ವಿಷಯಗಳನ್ನು ನಾನು ನಂಬುವವಳಲ್ಲ. ಮಾಡಿನ ಮೇಲೆ ಯಾರೋ ನಡೆದ ಹಾಗಾಯಿತು, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ಹೇಳಿದರೆ, “ಬೆಕ್ಕು ಇರಬೇಕು ನೋಡಿ” ಎಂದು ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಳ್ತಂಗಡಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಫೋನ್ ನೋಡಿಕೊಳ್ಳುವುದು ನನ್ನ ಕೆಲಸ. ಹಿಂದಿನ ಕೋಣೆಯಲ್ಲೇ ನನ್ನ ವಾಸ. ಜೀಪು ಒಂದಿತ್ತು, ಅದನ್ನೇ ನಾವು ಆಂಬುಲೆನ್ಸ್ ಎನ್ನುತ್ತಿದ್ದೆವು. ಹಳ್ಳಿಯಿಂದ ಫೋನ್ ಮಾಡುವವರು ಗಾಬರಿಯಲ್ಲಿ ಅರ್ಧ ದಾರಿ ಹೇಳುವರು, ಅಷ್ಟರಲ್ಲಿ ಲೈನ್ ಹೋಗುವುದು. ಅದಕ್ಕೆ ಡಾಕ್ಟರರ ಭಾವ ದುಬೈಯಿಂದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದರು. ಅದರ ವಯರಿನ ತುದಿಯಲ್ಲಿ ಸಣ್ಣ ರಬ್ಬರಿನ ಬಟ್ಟಲು. ಅದನ್ನು ರಿಸೀವರಿನ ಬೆನ್ನಿಗೆ ಅಂಟಿಸಿದರೆ ಎರಡೂ ಕಡೆಯ ಮಾತು ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. ಡ್ರೈವರ್ ಮೋನಪ್ಪ ಬೇಕಾದರೆ ಇನ್ನೊಮ್ಮೆ ಕೇಳಿಕೊಂಡು ಹೊರಡುತ್ತಿದ್ದ. ವಾರ ಕಳೆದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಹೊಸ ಕರೆಗಳು.

ಈ ಸುದ್ದಿ ಪೇಟೆಗೆಲ್ಲ ಗೊತ್ತಾಗಿ, ಅವರ ಮನೆಯವರು ಏನೆಂದರು, ಇವರು ಹೇಗೆ ಅತ್ತರು ಕೇಳಿಸಿ ಎಂದು ಕೆಲವರು ಬರುವುದಿತ್ತು. “ಇದೇನು ಆಕಾಶವಾಣಿಯಾ?” ಎಂದು ನಾನು ಕಳುಹಿಸುತ್ತಿದ್ದೆ. ಹೊರಗಿನ ಯಾರಿಗೂ ಕೇಳಿಸಬಾರದು ಎಂಬುದು ಡಾಕ್ಟರರ ಕಟ್ಟಪ್ಪಣೆ.

ಆ ದಿನಕ್ಕೆ ಎರಡು ತಿಂಗಳು ಹಿಂದೆ ಅಳದಂಗಡಿ ಕಡೆಯ ಅಂಗಡಿಯೊಂದರಿಂದ ಒಬ್ಬಳು ಫೋನ್ ಮಾಡಿದ್ದಳು. “ನಮ್ಮವರು ಎದೆ ಹಿಡಿದುಕೊಂಡು ಬಿದ್ದಿದ್ದಾರೆ, ಬೇಗ ಬನ್ನಿ.” ಯಾರ ಮನೆ ಎಂದು ಕೇಳಿದೆ. “ನಮ್ಮವರದ್ದು.” ಹೆಸರು ಹೇಳಮ್ಮ ಎಂದೆ. ಮಾತಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿ ಬೆಳೆದವರು ಆಗ ನಮ್ಮಲ್ಲಿ ಬಹಳ. ಪಕ್ಕದಲ್ಲಿದ್ದವರ ಹತ್ತಿರ ಹೇಳಿಸು ಎಂದರೆ ಅಂಗಡಿಯಲ್ಲಿ ಕಿವಿ ಕೇಳದ ಅಜ್ಜ ಒಬ್ಬರೇ. ಲೈನ್ ಕಡಿಯಿತು. ನನ್ನ ಪುಸ್ತಕದಲ್ಲಿ ಬರೆದೆ: ‘ಅಳದಂಗಡಿ, ಗಂಡನಿಗೆ ಎದೆನೋವು, ಹೆಸರು ಹೇಳಲಿಲ್ಲ.’ ಮೋನಪ್ಪ ಟೇಪನ್ನು ಎರಡು ಸಲ ಕೇಳಿ, ತಲೆ ಚಚ್ಚಿಕೊಂಡು ಹೊರಟ. ಅವರದ್ದು ಹೊಸತಾಗಿ ಕಟ್ಟಿದ ಮನೆ, ಗುಡ್ಡದ ಮೇಲೆ. ಹುಡುಕುವುದರಲ್ಲಿ ಅರ್ಧ ಗಂಟೆ ಹೋಯಿತು. ಜೀಪು ಇಲ್ಲಿಗೆ ಮುಟ್ಟುವಾಗ ಅವಳ ಗಂಡ ಸಂಜೀವ ಬದುಕಿರಲಿಲ್ಲ. ಬೇಗ ಬಂದಿದ್ದರೂ ಉಳಿಸಬಹುದಿತ್ತು ಎಂದು ಹೇಳಲಾರೆ ಎಂದರು ಡಾಕ್ಟರು. ಆ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರಿದ್ದರು? ಪ್ರಾಣ ಹೋದ ದಿನದ ಕ್ಯಾಸೆಟ್ಟನ್ನು ಮಾತ್ರ ಡಾಕ್ಟರು ಅಳಿಸಲು ಬಿಡದೆ ಕಪಾಟಿನಲ್ಲಿ ತೆಗೆದಿಟ್ಟರು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಸಂಜೀವನ ತಾಯಿ ಕಮಲಕ್ಕ ಬಂದರು. ಹಿಂದೆ ಸೊಸೆ ಜಲಜಾಕ್ಷಿ, ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಮಾತೆಲ್ಲ ನಡೆದದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇವಳು ಆ ದಿನ ಎಂತ ಹೇಳಿದ್ದು ಅಂತ ನನಗೆ ಕೇಳಬೇಕು” ಎಂದರು ಕಮಲಕ್ಕ. “ಹೆಸರು ಹೇಳಲಿಲ್ಲ ಅಂತ ಊರೆಲ್ಲ ಹೇಳ್ತದೆ. ನನ್ನ ಮಗನ ಹೆಸರು ಅಷ್ಟು ಭಾರವಾ ಇವಳಿಗೆ? ಅದು ಹೌದು ಅಂತಾದರೆ ಇಲ್ಲಿಂದಲೇ ಮೂಡಬಿದ್ರೆ ಬಸ್ಸು. ಬೆಳುವಾಯಿಯಲ್ಲಿ ಇವಳ ಅಣ್ಣ ಇದ್ದಾನೆ, ಸಾಕಲಿ.”

ಎರಡು ತಿಂಗಳಿಂದ ಸೊಸೆಯ ಕೈಯಿಂದ ಅವರು ನೀರು ಸಹ ಮುಟ್ಟಿರಲಿಲ್ಲವಂತೆ. ತಮ್ಮ ಗಂಜಿ ತಾವೇ ಬೇಯಿಸಿಕೊಳ್ಳುತ್ತಿದ್ದರಂತೆ.

ಡಾಕ್ಟರು ಹೇಳಿದರು: “ಸ್ವರ ಸೊಸೆಯದ್ದು, ಹೋದದ್ದು ನಿಮ್ಮ ಮಗ. ಇಲ್ಲ ಅನ್ನಲಿಕ್ಕೆ ನಾನು ಯಾರು? ಆದರೆ ಮೊದಲು ಅವಳು ಒಪ್ಪಬೇಕು.”

ಜಲಜಾಕ್ಷಿ ನೆಲ ನೋಡುತ್ತಲೇ, “ಕೇಳಲಿ ಡಾಕ್ಟ್ರೇ. ಇದ್ದದ್ದು ಇದ್ದ ಹಾಗೆ ಕೇಳಲಿ” ಎಂದಳು.

ಟೇಪಿನಲ್ಲಿ ಏನುಂಟು ಎಂದು ನನಗೆ ಗೊತ್ತಿತ್ತು. ಹುಡುಗಿಗೆ ಮೂವತ್ತು ಸಹ ಆಗಿರಲಿಲ್ಲ. ಗುಂಡಿ ಒತ್ತಿದೆ. ಗರಗರ ಸದ್ದು, ನನ್ನ ‘ಹಲೋ’, ಅವಳ ಏದುಸಿರು, ‘ನಮ್ಮವರು’. ಮತ್ತೆ ನನ್ನ ಪ್ರಶ್ನೆ, ‘ಹೆಸರು ಹೇಳಮ್ಮ’. ಹಿಂದೆ ಎಲ್ಲೋ ಒಂದು ಕೋಳಿ ಕೂಗಿತು. ಆಮೇಲೆ ಜಲಜಾಕ್ಷಿಯ ಸ್ವರ, ಒಂದಿಷ್ಟೂ ನಡುಗದೆ:

“ಸಂಜೀವ. ಸಂಜೀವ ಅಂತ ಕೇಳಿ, ಯಾರು ಸಹ ತೋರಿಸ್ತಾರೆ.”

ಲೈನ್ ಕಡಿಯಿತು. ಕಮಲಕ್ಕ ಇನ್ನೊಮ್ಮೆ ಹಾಕಿ ಎಂದು ಕೈ ಸನ್ನೆ ಮಾಡಿದರು. ಹಾಕಿದೆ. ಅದೇ ಕೋಳಿ, ಅದೇ ಹೆಸರು. ಈ ಸಲ ಅವರು ಅಂಗೈಯನ್ನು ಟೇಪ್ ರೆಕಾರ್ಡರಿನ ಮೇಲೆ ಇಟ್ಟುಕೊಂಡಿದ್ದರು, ಮಗುವಿನ ಬೆನ್ನ ಮೇಲೆ ಇಡುವ ಹಾಗೆ.

“ಎಷ್ಟು ಚಂದ ಹೇಳಿದ್ದಾಳೆ” ಎಂದರು. ಆಮೇಲೆ ನನ್ನತ್ತ ತಿರುಗಿದರು. “ಹಾಗಾದರೆ ಜೀಪು ಯಾಕೆ ತಡ ಆಯಿತು ಮಾರಾಯ್ತಿ?”

ನನ್ನ ಪುಸ್ತಕ ಮೇಜಿನ ಮೇಲೇ ಇತ್ತು. ಅದನ್ನು ಮುಚ್ಚಿಯೇ ಇಟ್ಟು ಹೇಳಿದೆ: “ನಾನು ಸರಿಯಾಗಿ ಬರೆದುಕೊಳ್ಳಲಿಲ್ಲ ಕಮಲಕ್ಕ. ತಪ್ಪು ನನ್ನದು.”

ಬೈಯಬಹುದಿತ್ತು. ಅವರು ನನ್ನನ್ನು ನೋಡಿ, “ದಿನಕ್ಕೆ ಎಷ್ಟು ಜನರ ಕೂಗು ಕೇಳ್ತಿ ನೀನು. ಒಂದು ತಪ್ಪಿ ಹೋಗಬಹುದು” ಎಂದರು. ಆಮೇಲೆ ಅತ್ತರು. ಅಳು ಮುಗಿಯುವಾಗ ಅಳದಂಗಡಿಯ ಕೊನೆಯ ಬಸ್ಸು ಹೋಗಿಯಾಗಿತ್ತು. “ನನ್ನ ಕೋಣೆಯಲ್ಲೇ ಇದ್ದು ಬೆಳಿಗ್ಗೆ ಹೋಗುವ” ಎಂದೆ.

ಸಂಜೆ ಕಮಲಕ್ಕ ಕಾಲು ತೊಳೆಯಲು ಬಾವಿಕಟ್ಟೆಗೆ ಹೋದಾಗ ನಾನು ಬಾಗಿಲು ಎಳೆದುಕೊಂಡು ಟೇಪನ್ನು ಮೂರನೇ ಸಲ ಹಾಕಿದೆ. ‘ಹೆಸರು ಹೇಳಮ್ಮ.’ ಕೋಳಿ ಕೂಗಿತು. ಉಸಿರು, ಬರೀ ಉಸಿರು, ನಾನು ಆ ದಿನ ಕೇಳಿದ ಹಾಗೆಯೇ. ಲೈನ್ ಕಡಿಯಿತು. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಹೆಸರಿಲ್ಲ.

ತಿರುಗಿ ನೋಡಿದರೆ ಜಲಜಾಕ್ಷಿ ಬಾಗಿಲಲ್ಲಿ ನಿಂತಿದ್ದಳು.

“ಅಕ್ಕ, ನಾನು ಹೇಳಿರಲಿಲ್ಲ” ಎಂದಳು. “ಹೇಳಬೇಕು ಹೇಳಬೇಕು ಅಂತ ನಾಲಗೆಯ ತುದಿಯವರೆಗೆ ಬಂದಿತ್ತು. ಬರಲಿಲ್ಲ. ಇವತ್ತಿನವರೆಗೂ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆದರೆ ಅದು ನನ್ನದೇ ಸ್ವರ.”

“ಹೌದು, ನಿನ್ನದೇ” ಎಂದೆ. “ಹೇಳುವುದಾದರೆ ಈಗ ಹೇಳು. ಕೇಳಲಿಕ್ಕೆ ನಾನೊಬ್ಬಳೇ.”

ಅವಳು ಹೇಳಿದಳು. ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ.

ಆಮೇಲೆ ನಾನು ಡಾಕ್ಟರರನ್ನು ಕೇಳಿದ್ದುಂಟು. ಹೆಸರನ್ನು ಅವರೂ ಸ್ಪಷ್ಟವಾಗಿ ಕೇಳಿದ್ದರು. ನಾನೇ ಬರೆಯದೆ ಬಿಟ್ಟೆ ಎಂಬುದೇ ಅವರ ಲೆಕ್ಕ. ಮೋನಪ್ಪನನ್ನು ಕೇಳಿದರೆ, “ಹೆಸರು ಇದ್ದಿದ್ದರೆ ನಾನು ಆ ದಿನ ಅಷ್ಟು ಮನೆಯ ನಾಯಿಗಳ ಹತ್ತಿರ ಬೊಗಳಿಸಿಕೊಳ್ತಿದ್ದೆನಾ ಅಕ್ಕ?” ಎಂದ. ಟೇಪು ಹಳತಾಗಿತ್ತು, ಇನ್ನೊಂದು ಕರೆಯ ಮಾತು ಸೇರಿಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಬೇರೆ ಯಾರ ಕರೆಯಲ್ಲಿ ಅವಳ ಸ್ವರ ಬರಬೇಕು?

ಕ್ಯಾಸೆಟ್ಟನ್ನು ಡಾಕ್ಟರು ಕಮಲಕ್ಕನಿಗೇ ಕೊಟ್ಟುಬಿಟ್ಟರು. ಆಗ ಅವರ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಅದೇ ನನಗೆ ಸಮಾಧಾನ. ಕೆಲವು ವರ್ಷಗಳ ಮೇಲೆ ಉಜಿರೆಯ ಬಸ್‌ಸ್ಟ್ಯಾಂಡಿನಲ್ಲಿ ಜಲಜಾಕ್ಷಿ ಸಿಕ್ಕಿದಳು. ಅಂಗನವಾಡಿಯಲ್ಲಿ ಕೆಲಸವಾಗಿತ್ತು, ಮುಖ ತುಂಬಿಕೊಂಡಿತ್ತು. ಮನೆಗೆ ಟೇಪ್ ರೆಕಾರ್ಡರ್ ಬಂದಿದೆ, ದೀಪಾವಳಿಗೆ ಒಮ್ಮೆ ಅತ್ತೆ ಆ ಕ್ಯಾಸೆಟ್ಟು ಹಾಕಿಸಿಕೊಳ್ಳುತ್ತಾರೆ ಎಂದಳು.

“ಹೆಸರು ಉಂಟಾ?”

“ಮಾಮಿಗೆ ಕೇಳ್ತದೆ ಅಕ್ಕ” ಎಂದು ನಕ್ಕಳು. “ನನಗೆ ಕೋಳಿ ಮಾತ್ರ.”

ನನಗೆ ಇವತ್ತಿಗೂ ಅರ್ಥವಾಗಿಲ್ಲ. ನನ್ನ ಹಳೆಯ ಪುಸ್ತಕದಲ್ಲಿ ‘ಹೆಸರು ಹೇಳಲಿಲ್ಲ’ ಎಂಬ ಸಾಲು ಹಾಗೆಯೇ ಉಂಟು, ನಾನು ಅದನ್ನು ಹೊಡೆದು ಹಾಕಿಲ್ಲ. ಅದರ ಕೆಳಗೆ ಎರಡು ತಿಂಗಳ ನಂತರದ ತಾರೀಕಿನಲ್ಲಿ ‘ಹೇಳಿದಳು’ ಎಂದೂ ಬರೆದಿದ್ದೇನೆ. ಎರಡೂ ನಿಜ.

ಕಮಲಕ್ಕ ಟೇಪು ಕೇಳಿದ ಆ ರಾತ್ರಿ ನಮಗೆ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ. ಬಡಿಸಿದ್ದು ಜಲಜಾಕ್ಷಿ. ಕಮಲಕ್ಕ ಒಂದು ಬಟ್ಟಲು ಮುಗಿಸಿ, ಖಾಲಿ ಬಟ್ಟಲನ್ನು ಸೊಸೆಯ ಮುಂದೆ ಹಿಡಿದರು. ಅವಳು ಇನ್ನೆರಡು ಸೌಟು ಹಾಕಿದಳು. ಮೊದಲು ನಿದ್ದೆ ಹೋದದ್ದು ಕಮಲಕ್ಕನೇ, ಬೆಳುವಾಯಿಗೆ ಹೋಗಬೇಕಿದ್ದ ಆ ಬಟ್ಟೆಯ ಚೀಲವನ್ನು ತಲೆದಿಂಬು ಮಾಡಿಕೊಂಡು.