ಹನ್ನೊಂದು ಜನ ಕೇಳಿದರೂ ಓದುಗರು ಒಬ್ಬರೇ

ಬೆಳಗಿನ ಐದೂಕಾಲು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಹಾಲಿನ ಡೇರಿಯ ಬಾಗಿಲು ಇನ್ನೂ ತೆಗೆದಿಲ್ಲ. ಒಲೆಯ ಮುಂದೆ ಕೂತ ರೂಪಶ್ರೀಯ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿದೆ, ನಿಲ್ಲುತ್ತಿದೆ, ಬರೆದದ್ದನ್ನು ಅಳಿಸುತ್ತಿದೆ. ದಿನಾ ಈ ಹೊತ್ತಿನಲ್ಲಿ ಕತೆ ಬರೆಯುವ ಕೈ ಇಂದು ಬರೆಯುತ್ತಿರುವುದು ಒಂದು ಉತ್ತರ. ಸಂಜೆ ಆರರೊಳಗೆ ಅದು ಕತೆಗಳ ಆ್ಯಪ್ ಕಂಪನಿಗೆ ಸೇರದಿದ್ದರೆ ಅಲ್ಲಿನ ಅವರ ಖಾತೆ ಮುಚ್ಚುತ್ತದೆ.

ರೂಪಶ್ರೀಗೆ ಮೂವತ್ತೊಂದು ವರ್ಷ. ಓದಿದ್ದು ಪಿಯುಸಿ. ಆ ಆ್ಯಪ್‌ನಲ್ಲಿ ಅವರ ಧಾರಾವಾಹಿ ನಲವತ್ತೊಂದು ಕಂತು ದಾಟಿದೆ. ಅಲ್ಲಿ ಸಂಭಾವನೆ ಪುಟಕ್ಕಲ್ಲ, ಓದುಗರು ಓದಿದ ನಿಮಿಷಕ್ಕೆ. ಒಂದು ಕಂತನ್ನು ಎರಡು ಸಾವಿರ ಜನ ತೆರೆದರೆ ಮುನ್ನೂರು ಜನ ಕೊನೆ ಮುಟ್ಟುತ್ತಾರೆ. ಉಳಿದವರು ಮೊದಲ ನಿಮಿಷದಲ್ಲೇ ಜಾರಿಕೊಳ್ಳುತ್ತಾರೆ.

"ಮೊದ್ಲು ದೇವರ ನೆನೆದು ಶುರು ಮಾಡ್ತಿದ್ದೆ. ನಮ್ಮಜ್ಜಿ ಕತೇನ ಅಂಗೇ ಹೇಳೋರು. ಅಲ್ಲೇ ಎದ್ದೋಗ್ತಿದ್ರು ಕಣ್ರೀ ಜನ. ಈಗ ಮನಸ್ಸಲ್ಲೇ ನೆನೆದು, ಕತೇನ ಜಗಳದಿಂದ ಶುರು ಮಾಡ್ತೀನಿ."

ತಿಂಗಳಿಗೆ ಮೂರು ಸಾವಿರದ ಆಸುಪಾಸು ಬರುತ್ತದೆ. ಆ ಧೈರ್ಯದ ಮೇಲೆ ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಅರ್ಧ ದಿನ ಮಾತ್ರ ಹೋಗುತ್ತಾರೆ. ಉಳಿದರ್ಧ ಬರವಣಿಗೆಗೆ. ಖಾತೆ ಮುಚ್ಚಿದರೆ ಆ ಅರ್ಧ ದಿನವೂ ಹೋಯಿತು.

ಆದದ್ದು ಆ ಸೊಪ್ಪಿನ ಕೊಟ್ಟಿಗೆಯಲ್ಲೇ. ಹನ್ನೊಂದು ಹೆಂಗಸರು ಸುತ್ತ ಕೂತು ಎಲೆಯ ಬಣ್ಣ ನೋಡಿ ಬೇರೆ ಮಾಡುವಾಗ, ಜೊತೆಗಾತಿ ಭಾಗ್ಯ ತನ್ನ ಪಾಲಿನ ಎಲೆಯನ್ನು ಅವರಿಗೆ ಹಂಚಿ, ರೂಪಶ್ರೀಯ ಕಂತನ್ನು ಜೋರಾಗಿ ಓದುತ್ತಾಳೆ. ನಮ್ಮ ಸೀಮೆಯಲ್ಲಿ ಹೂಂಗುಟ್ಟುವವರಿಲ್ಲದೆ ಕತೆ ಮುಂದೆ ಸಾಗದು. ಅಲ್ಲಿ ಹನ್ನೊಂದು ಬಾಯಿ ಹೂಂ ಅನ್ನುತ್ತವೆ. ಆ್ಯಪ್‌ಗೆ ಕಾಣುವುದು ಭಾಗ್ಯಳ ಒಂದು ಫೋನು.

ಇದು ತಿಳಿದ ದಿನ ಭಾಗ್ಯಳಿಗೆ ತಡೆಯಲಾಗಲಿಲ್ಲ. ಒಂಬತ್ತು ಫೋನುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡಿಸಿ, ತನ್ನ ಫೋನಿನ ನೆಟ್ಟನ್ನೇ ಎಲ್ಲಕ್ಕೂ ಕೊಟ್ಟಳು. ತಾನು ಪುಟ ತಿರುವಿದಾಗಲೆಲ್ಲ ಒಬ್ಬರು ಎದ್ದು, ಅಂಟು ಕೈ ಸೆರಗಿಗೆ ಒರೆಸಿಕೊಂಡು, ಒಂಬತ್ತರಲ್ಲೂ ತಿರುವಿ ಬರಬೇಕು. ಹದಿನೈದು ದಿನ ಹೀಗೆ ನಡೆಯಿತು. ಆಮೇಲೆ ಕಂಪನಿಯ ಸಂದೇಶ ಬಂತು: ಓದು ಸಹಜವಾಗಿಲ್ಲ, ಸಂಭಾವನೆ ತಡೆಹಿಡಿದಿದೆ, ಏಳು ದಿನದೊಳಗೆ ಕಾರಣ ತಿಳಿಸಿ, ಇಲ್ಲದಿದ್ದರೆ ಖಾತೆ ಮುಚ್ಚಲಾಗುವುದು. ಇಂದು ಏಳನೆಯ ದಿನ.

ಎಂಟು ಗಂಟೆಗೆ ಕೊಟ್ಟಿಗೆಯಲ್ಲಿ ಭಾಗ್ಯ ತಲೆ ಎತ್ತುವುದಿಲ್ಲ. "ಮಕ್ಳು ಆಡ್ತಾ ಒತ್ಬುಟ್ರು ಅಂತ ಬರ್ದು ಕಳ್ಸಕ್ಕ. ಯಾರು ಬಂದು ನೋಡ್ತಾರೆ?"

"ಮಕ್ಳ ತಲೆಗೆ ಯಾಕೆ ಕಟ್ಟೀಯೆ? ಪುಟ ತಿರುವಿದ್ದು ನಾವು," ಅನ್ನುತ್ತಾರೆ ಎಲ್ಲರಿಗಿಂತ ಹಿರಿಯರಾದ ಸೋಮಮ್ಮ. ಅವರಿಗೆ ಅಕ್ಷರ ಬಾರದು. "ನನ್ ಎಸ್ರು ಬರಿ ಕಣವ್ವ. ಓದಕ್ಕೆ ಬರಾಕಿಲ್ಲ, ಕೇಳಕ್ಕೆ ಬತ್ತದೆ ಅಂತ ಬರಿ."

"ನಿನ್ ಎಸ್ರು ಬರುದ್ರೆ ಕಂಪ್ನಿಯೋರು ಕತೆ ಕೇಳಿದ್ದಕ್ಕೂ ಕೂಲಿ ಕೇಳೋಕೆ ಬಂದವ್ಳೆ ಅನ್ಕೋತಾರೆ," ಅಂತ ಯಾರೋ ಕಿಚಾಯಿಸಿದಾಗ ನಗು ಹರಡುತ್ತದೆ. ರೂಪಶ್ರೀ ಮಾತ್ರ ನಗುವುದಿಲ್ಲ. ನಿಜ ಹೇಳಿ ಕೆಟ್ಟವರ ಕತೆಗಳೂ ಅವರಿಗೆ ಗೊತ್ತು.

ಮಧ್ಯಾಹ್ನ ಉತ್ತರ ಮುಗಿಯುತ್ತದೆ. ಹನ್ನೊಂದು ಹೆಂಗಸರ ಹೆಸರೂ ಅದರಲ್ಲಿದೆ. ಕಟ್ಟೆಯ ಮೇಲಿದ್ದ ಒಂಬತ್ತು ಫೋನುಗಳಲ್ಲಿ ಯಾರೂ ಓದಿಲ್ಲ, ಆ ನಿಮಿಷಗಳನ್ನು ಕಳೆದುಬಿಡಿ, ಭಾಗ್ಯ ಓದಿದ್ದನ್ನು ಮಾತ್ರ ಉಳಿಸಿ ಎಂದು ಬರೆದಿದ್ದಾರೆ. ಕಳಿಸುವ ಮುನ್ನ ಫೋನನ್ನು ಒಮ್ಮೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಮರುಕ್ಷಣವೇ, ತಲುಪಿದೆ ಎಂಬ ಯಂತ್ರದ ಒಂದು ಸಾಲು ಬರುತ್ತದೆ. ಅದರಾಚೆ ಏನೂ ಇಲ್ಲ.

ಸಂಜೆ ಆರು ದಾಟಿದೆ. ಖಾತೆ ಇನ್ನೂ ತೆರೆದೇ ಇದೆ. ಯಾವಾಗ ಮುಚ್ಚುತ್ತದೋ, ಮುಚ್ಚುವುದೇ ಇಲ್ಲವೋ, ಕೇಳೋಣವೆಂದರೆ ಅಲ್ಲಿ ಯಾರ ನಂಬರೂ ಇಲ್ಲ.

"ಉದ್ದ ಆಗೋಯ್ತು ಕಣ್ರೀ, ಮೂರು ಪುಟ," ಅನ್ನುತ್ತಾರೆ ರೂಪಶ್ರೀ, ಫೋನಿನಿಂದ ಕಣ್ಣು ತೆಗೆಯದೆ. "ಕತೆ ಬುಡಿ. ಇದ್ನಾದ್ರೂ ಯಾರಾದ್ರೂ ಮನುಷ್ಯರು ಕೊನೇಗಂಟ ಓದ್ಲಿ."