ಡಾಕ್ಟರು ಬರೆದ ಎರಡು ತಲೆ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪರದೇಶದ ಸನ್ನಿವೇಲ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕ, ಭಾವನ ಜೊತೆಗಿದ್ದೆ. ತನ್ನ ಎದೆಯ ಗಡ್ಡೆ ತೆಗೆಸಿದ್ದು ಅಕ್ಕನಿಗೆ ಗೊತ್ತಿತ್ತು. ಅದು ಕ್ಯಾನ್ಸರ್ ಎಂದಾಗಲಿ, ಈಗ ಮಿದುಳಿಗೆ ಹರಡಿದೆ ಎಂದಾಗಲಿ ಯಾರೂ ಅವಳಿಗೆ ಹೇಳಿರಲಿಲ್ಲ. ರೋಗಿಗೆ ರೋಗದ ಹೆಸರು ಹೇಳಬಾರದೆನ್ನುವ ಪದ್ಧತಿಯನ್ನು ನಮ್ಮವರು ಮೈಸೂರಿನಿಂದ ಉಪ್ಪಿನಕಾಯಿಯ ಜೊತೆ ಕಟ್ಟಿಕೊಂಡು ಬಂದಿದ್ದರು.

ಅಕ್ಕನ ಇಂಗ್ಲಿಷ್ ಗ್ರೋಸರಿಗೆ ಸಾಲುವಷ್ಟೇ. ಹಾಗಾಗಿ ಆಸ್ಪತ್ರೆಯಲ್ಲಿ ಭಾವನೇ ದುಭಾಷಿ. ನಾನೂ ಜೊತೆಗೆ ಹೋಗಿದ್ದ ಒಂದು ದಿನ ಡಾಕ್ಟರು ಕಾಗದದ ಮೇಲೆ ಎರಡು ತಲೆ ಬರೆದರು. ಒಂದನ್ನು ಪೂರ್ತಿ ಗೀಚಿ ತುಂಬಿದರು. ಇಡೀ ಮಿದುಳಿಗೆ ವಿಕಿರಣ ಕೊಟ್ಟರೆ ಕಣ್ಣಿಗೆ ಕಾಣದ ಗಡ್ಡೆಗಳಿಗೂ ತಾಗುತ್ತದೆ, ಆದರೆ ಮುಂದೆ ನೆನಪು ಮಂಕಾಗಬಹುದು ಎಂದರು. ಇನ್ನೊಂದರಲ್ಲಿ ಬರೀ ಚುಕ್ಕೆ ಇಟ್ಟರು. ತಲೆಗೆ ಲೋಹದ ಚೌಕಟ್ಟು ಬಿಗಿದು, ಗಡ್ಡೆಗಷ್ಟೇ ಗುರಿಯಿಟ್ಟು ಕೊಡುವ ಹೊಸ ವಿಧಾನವಂತೆ. ನೆನಪಿಗೆ ಅಷ್ಟು ಪೆಟ್ಟಿಲ್ಲ, ಆದರೆ ಬೇರೆಡೆ ಗಡ್ಡೆ ಎದ್ದರೆ ತಡೆಯದು. ಯಾವುದು ಬೇಕೆಂದು ಅಕ್ಕನನ್ನೇ ನೋಡಿ ಕೇಳಿದರು.

"ತಲೆನೋವಿಗೆ ಲೈಟ್ ಟ್ರೀಟ್‌ಮೆಂಟು ಕೊಡ್ತಾರಂತೆ ಕಣೇ. ನೀನೇನೂ ಯೋಚ್ನೆ ಮಾಡ್ಬೇಡ," ಎಂದು ಭಾವ ಅವಳಿಗೆ ಹೇಳಿ, ಇಡೀ ತಲೆಗೇ ಕೊಡಿ ಎಂದು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದರು.

ನನ್ನ ಮೈ ಉರಿದುಹೋಯಿತು. "ಅಕ್ಕಾ, ಭಾವ ಹೇಳಿದ್ದು ಸುಳ್ಳು. ನಿಂಗಿರೋದು ಕ್ಯಾನ್ಸರ್ರು, ತಲೆಗೆ ಹೋಗಿದೆ," ಎಂದು ಎರಡೂ ಚಿತ್ರಗಳ ಅರ್ಥವನ್ನು ಬಿಡಿಸಿ ಹೇಳಿದೆ.

"ನಿಂಗೆ ಬುದ್ಧಿ ಇದ್ಯಾ? ಅವಳು ಎದೆ ಒಡ್ಕೊಂಡ್ರೆ?" ಎಂದು ಭಾವ ಕೆಂಡವಾದರು.

ಅಕ್ಕ ಎದೆ ಒಡೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಚುಕ್ಕೆಯ ಮೇಲೆ ಬೆರಳಿಟ್ಟಳು. "ಇದು ಸಾಕು ರೀ. ಇರೋಷ್ಟು ದಿನ ನಾನು ನಾನಾಗೇ ಇರ್ಬೇಕು."

ಚೌಕಟ್ಟಿನ ಗಾಯ ಹಣೆಯ ಮೇಲೆ ಕೆಲವು ದಿನ ಉಳಿಯಿತು. ಎವರ್‌ಗ್ರೀನ್ ಬಡಾವಣೆಯ ಸ್ನೇಹಿತರ ಮನೆ ಊಟದಲ್ಲಿ ಯಾರೋ ಅದೇನೆಂದು ಕೇಳಿದರು. "ಕ್ಯಾನ್ಸರ್ರು, ತಲೆಗೆ ಹೋಗಿದೆ. ಚಟ್ನಿ ಹಾಕ್ಲಾ?" ಎಂದಳು ಅಕ್ಕ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮುಂದೆ ಬೇರೆಡೆ ಗಡ್ಡೆಗಳೆದ್ದವು. ಅಕ್ಕ ಉಳಿಯಲಿಲ್ಲ. ಇಡೀ ತಲೆಗೆ ಕೊಡಿಸಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೆಂದು ನೆಂಟರು ಈಗಲೂ ನನ್ನನ್ನು ದೂರುತ್ತಾರೆ. ಇರುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ತಲೆ ಅವಳದಾಗಿತ್ತು. ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಹೊಸ ಗಡ್ಡೆಗಳ ವಿಷಯ ಡಾಕ್ಟರು ತಿಳಿಸಿದ ದಿನ ನಾನು ಬಾಯಿ ತೆರೆಯಬೇಕಾಗಲಿಲ್ಲ. ಭಾವ ಒಂದಕ್ಷರ ಬಿಡದೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು. ಅವರ ಕೈ ಹಿಡಿದುಕೊಂಡು ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.